ಕನ್ನಡಿಯೊಳಗಿನ ಕನ್ನಡಿ



ಹಳೆ ಮೈಸೂರು ಕಡೆಯ ಅನೇಕ ಮನೆಗಳಲ್ಲಿ ಒಂದು ಫೋಟೊ ಇರುತ್ತದೆ. ಮೊಗ್ಗಿನ ಜಡೆ ಹಾಕಿಸಿಕೊಂಡ ಹುಡುಗಿ ಸ್ಟುಡಿಯೊದ ನಿಲುವುಗನ್ನಡಿಗೆ ಬೆನ್ನು ಕೊಟ್ಟು ನಿಂತಿರುತ್ತಾಳೆ. ಮುಖ ನಮ್ಮ ಕಡೆ, ಜಡೆ ಕನ್ನಡಿಯಲ್ಲಿ. ನನ್ನ ಅಕ್ಕನ ಅಂಥದೊಂದು ಫೋಟೊ ನಮ್ಮ ನಡುಮನೆಯ ಗೋಡೆಯ ಮೇಲೆ ಬಹಳ ವರ್ಷ ಇತ್ತು. ಅಂದು ಸ್ಟುಡಿಯೊದಿಂದ ಬಂದವಳೇ, "ಬೀದಿಯವರೆಲ್ಲ ನನ್ನ ಜಡೆ ನೋಡಿದರು, ನಾನೇ ನೋಡಲಿಲ್ಲವಲ್ಲಮ್ಮ" ಎಂದು ಅಳುಮೋರೆ ಹಾಕಿದಳು. ಅಮ್ಮ ಅವಳನ್ನು ಬೀರುವಿನ ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿ, ಕೈಗನ್ನಡಿಯನ್ನು ಅವಳ ಮುಖದ ಮುಂದೆ ಹಿಡಿದರು. ಅಕ್ಕ ನೋಡಿದಳು. "ಎಡಗಡೆ ಮೂರು ಮೊಗ್ಗು ಜಾರಿವೆ" ಎಂದು ಎಡಗೈಯನ್ನು ಹಿಂದಕ್ಕೆ ಚಾಚಿ ನೇರವಾಗಿ ಅದೇ ಜಾಗ ಮುಟ್ಟಿದಳು. ವಾರದ ಮೇಲೆ ಫೋಟೊ ಬಂತು. ಅದರಲ್ಲಿ ಮೊಗ್ಗು ಜಾರಿದ್ದು ಜಡೆಯ ಬಲಗಡೆ.

ಆಗ ನನಗೆ ಹತ್ತು ವರ್ಷ. ಅಕ್ಕ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಫೋಟೊವನ್ನೂ ಕಂಡೆ. ಸ್ಟುಡಿಯೊದ ಒಂದೇ ಕನ್ನಡಿ ಬಲ ಎನ್ನುತ್ತಿದೆ, ಮನೆಯ ಎರಡು ಕನ್ನಡಿಗಳು ಸೇರಿ ಎಡ ಎಂದಿದ್ದವು. ಮುಂದೆ ಭೌತಶಾಸ್ತ್ರ ಓದಿ, ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೆ. ಆ ಜಾರಿದ ಮೊಗ್ಗು ಮಾತ್ರ ತಲೆಯಿಂದ ಹೋಗಲಿಲ್ಲ. ಇಂದಿನ ಉಪನ್ಯಾಸಕ್ಕೆ ಒಂದಕ್ಕಿಂತ ಹೆಚ್ಚು ಕನ್ನಡಿಗಳ ವಿಷಯವನ್ನು ಆರಿಸಿಕೊಂಡದ್ದು ಅದರಿಂದಲೇ.

ಒಂದು ಕನ್ನಡಿಯ ಕತೆ ನಿಮಗೆಲ್ಲ ಗೊತ್ತು. ಬೆಳಕು ಯಾವ ಕೋನದಲ್ಲಿ ಬಿತ್ತೋ ಅದೇ ಕೋನದಲ್ಲಿ ಹೊರಳುತ್ತದೆ. ಅದರ ಫಲವಾಗಿ, ವಸ್ತು ಕನ್ನಡಿಯ ಮುಂದೆ ಎಷ್ಟು ದೂರದಲ್ಲಿದೆಯೋ ಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ಕಾಣುತ್ತದೆ. ಕನ್ನಡಿಯೊಳಗಿನ ಗಂಟು ಕೈಗೆ ದಕ್ಕದು ಎಂಬ ಗಾದೆ ಸರಿಯೇ. ಆದರೆ ಆ ಗಂಟು ಇರುವ ಜಾಗವನ್ನು ಅಳತೆಪಟ್ಟಿ ಹಿಡಿದು ಹೇಳಬಹುದು. ಎರಡನೆಯ ಕನ್ನಡಿ ಬಂದ ಕೂಡಲೇ ಬೇಕಾಗುವ ಹೊಸ ಮಾತು ಒಂದೇ ಒಂದು. ಕನ್ನಡಿಯಲ್ಲಿ ಇನ್ನೊಂದು ಕನ್ನಡಿಯೂ ಕಾಣುತ್ತದೆ, ಹಾಗೆ ಕಂಡ ಕನ್ನಡಿಯೂ ಕನ್ನಡಿಯಂತೆಯೇ ನಡೆದುಕೊಳ್ಳುತ್ತದೆ. ಬಿಂಬದ ಕನ್ನಡಿಗೂ ಹಿಂದಿದೆ, ಮುಂದಿದೆ. ಅದರ ಹಿಂದೆಯೂ ಅಷ್ಟೇ ದೂರದಲ್ಲಿ ಬಿಂಬ ಮೂಡುತ್ತದೆ. ನಾನು ಇನ್ನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಕಟಿಂಗ್ ಶಾಪಿಗೆ ಹೋಗೋಣ. ಮುಂದೊಂದು ಕನ್ನಡಿ, ಹಿಂದಿನ ಗೋಡೆಯಲ್ಲೊಂದು ಕನ್ನಡಿ, ನಡುವೆ ಹತ್ತು ಅಡಿ. ನಿಮ್ಮ ಕುರ್ಚಿ ಮುಂದಿನ ಕನ್ನಡಿಯಿಂದ ನಾಲ್ಕು ಅಡಿ, ಹಿಂದಿನದರಿಂದ ಆರು ಅಡಿ ಎನ್ನಿ. ಮುಂದೆ ನೋಡಿದರೆ ಎಂಟು ಅಡಿ ದೂರದಲ್ಲಿ ನಿಮ್ಮ ಮುಖ. ಅದರಾಚೆ ಇಪ್ಪತ್ತು ಅಡಿಯಲ್ಲಿ ನಿಮ್ಮ ತಲೆಯ ಹಿಂಭಾಗ. ಇಪ್ಪತ್ತೆಂಟರಲ್ಲಿ ಮತ್ತೆ ಮುಖ, ನಲವತ್ತರಲ್ಲಿ ಮತ್ತೆ ಹಿಂದಲೆ. ಹಿಂದಲೆಗಳು ಸರಿಯಾಗಿ ಇಪ್ಪತ್ತು ಇಪ್ಪತ್ತು ಅಡಿಗೊಂದು, ಅಂದರೆ ಎರಡು ಕನ್ನಡಿಗಳ ನಡುವಿನ ಅಂತರದ ಎರಡರಷ್ಟಕ್ಕೊಂದು. ಕುರ್ಚಿಯನ್ನು ಹಿಂದೆ ಮುಂದೆ ಸರಿಸಿದರೆ ಮುಖಗಳ ದೂರ ಬದಲಾಗುತ್ತದೆ. ಹಿಂದಲೆಗಳ ದೂರ ಒಂದಂಗುಲವೂ ಕದಲುವುದಿಲ್ಲ. ಮುಂದಿನ ಸಲ ಕೂದಲು ಕತ್ತರಿಸಿಕೊಳ್ಳುವಾಗ ಇದನ್ನು ನೋಡಿ.

ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ ಹೆಚ್ಚುಕಡಿಮೆ ಒಂದು ಅಡಿ ಸಾಗುತ್ತದೆ. ಹಾಗಾಗಿ ಇನ್ನೂರು ಅಡಿ ದೂರದ ಹತ್ತನೆಯ ಹಿಂದಲೆ ಈಗಿನ ನಿಮ್ಮದಲ್ಲ, ಅಂಥ ಇನ್ನೂರು ಕ್ಷಣಕಣಗಳಷ್ಟು ಹಿಂದಿನದು. ಆ ಸಾಲು ಆಳಕ್ಕೆ ಹೋದಂತೆ ವಯಸ್ಸಿನಲ್ಲಿ ಎಳೆಯದಾಗುತ್ತ ಹೋಗುತ್ತದೆ.

ಹಾಗಾದರೆ ಸಾಲು ಏಕೆ ಕೊನೆಯಿಲ್ಲದೆ ಕಾಣುವುದಿಲ್ಲ? ಕನ್ನಡಿ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಿರುಗಿಸುವುದಿಲ್ಲ. ನೂರರಲ್ಲಿ ತೊಂಬತ್ತು ಪಾಲು ಹಿಂದಿರುಗಿಸುವ ಕನ್ನಡಿ ಎಂದಿಟ್ಟುಕೊಂಡರೂ, ಹತ್ತನೆಯ ಹಿಂದಲೆಗೆ ಇಪ್ಪತ್ತು ಪ್ರತಿಫಲನ ಬೇಕು. ಆ ಹೊತ್ತಿಗೆ ಉಳಿದಿರುವುದು ಎಂಟರಲ್ಲಿ ಒಂದು ಪಾಲು ಬೆಳಕು. ಜೊತೆಗೆ ನಿಮ್ಮ ತಲೆಯೇ ದಾರಿಗೆ ಅಡ್ಡ. ಕನ್ನಡಿಗಳು ಪೂರ್ತಿ ಸಮಾಂತರವಾಗಿದ್ದರೆ ಹಿಂದಲೆಗಳೆಲ್ಲ ಒಂದರ ಹಿಂದೊಂದು ಅಡಗಿಬಿಡುತ್ತವೆ. ಒಂದು ಕನ್ನಡಿ ಕೊಂಚ ವಾಲಿದ್ದರೆ ಸಾಲು ಬಿಚ್ಚಿಕೊಳ್ಳುತ್ತದೆ, ಆದರೆ ಬಾಗುತ್ತದೆ. ಒಂದೊಂದು ಸುತ್ತಿಗೂ ಬಿಂಬ ಆ ವಾಲಿದ ಕೋನದ ಎರಡರಷ್ಟು ತಿರುಗುತ್ತದಾದ್ದರಿಂದ ಇಡೀ ಸುರಂಗ ಒಂದು ದೊಡ್ಡ ವೃತ್ತದ ತುಣುಕಾಗುತ್ತದೆ. ಇನ್ನೂ ಒಂದು ಸಂಗತಿ: ಆಳದ ಬಿಂಬಗಳು ಬರೀ ಮಂಕಾಗುವುದಿಲ್ಲ, ಹಸಿರಾಗುತ್ತವೆ. ಗಾಜಿನ ಹಾಳೆಯನ್ನು ಅಂಚಿನಿಂದ ನೋಡಿದವರಿಗೆ ಕಾರಣ ಗೊತ್ತು. ಸಾಮಾನ್ಯ ಗಾಜಿನಲ್ಲಿರುವ ಕಬ್ಬಿಣದ ಅಂಶ ಕೆಂಪನ್ನು ಹೆಚ್ಚು ಹೀರುತ್ತದೆ. ಹಿಂದಿನ ಬೆಳ್ಳಿಯ ಲೇಪ ನೀಲಿಯ ಪಾಲನ್ನು ಕೊಂಚ ಕಡಿಮೆ ಹಿಂದಿರುಗಿಸುತ್ತದೆ. ಉಳಿಯುವುದು ಹಸಿರು. ರೇಮಂಡ್ ಲೀ ಮತ್ತು ಹಾವಿಯೆರ್ ಎರ್ನಾಂಡೆಸ್-ಆಂಡ್ರೆಸ್ ಎಂಬ ಇಬ್ಬರು 2004ರಲ್ಲಿ ಇಂಥ ಕನ್ನಡಿ ಸುರಂಗಗಳ ಬಣ್ಣವನ್ನು ಅಳೆದು ಪ್ರಬಂಧ ಬರೆದಿದ್ದಾರೆ. ಎದುರುಬದುರು ಕನ್ನಡಿಗಳನ್ನು ಕಂಡು ಅಚ್ಚರಿಪಟ್ಟವರು ಲಕ್ಷಾಂತರ. ಅದು ಏಕೆ ಹಸಿರು ಎಂದು ಉಪಕರಣ ಹಿಡಿದು ಕೂತವರು ಬೆರಳೆಣಿಕೆಯವರು. ನನಗೆ ಅವರ ಮೇಲೆ ಬಹಳ ಗೌರವ.

ಬೆಳಕನ್ನು ಕಳೆದುಕೊಳ್ಳದ ಕನ್ನಡಿ ಮಾಡಿಕೊಂಡರೆ ಇದೇ ಎದುರುಬದುರು ಜೋಡಿ ದೊಡ್ಡ ಉಪಕರಣವಾಗುತ್ತದೆ. 1960ರಲ್ಲಿ ಥಿಯೋಡರ್ ಮೈಮನ್ ಮಾಡಿದ ಮೊದಲ ಲೇಸರ್ ಎರಡೂ ತುದಿಗೆ ಬೆಳ್ಳಿ ಬಳಿದ ಮಾಣಿಕ್ಯದ ಕಡ್ಡಿ. ಅಮೆರಿಕದ ಲೈಗೊ ಪ್ರಯೋಗದಲ್ಲಿ ನಾಲ್ಕು ಕಿಲೋಮೀಟರ್ ದೂರದಲ್ಲಿರುವ ಕನ್ನಡಿಗಳ ನಡುವೆ ಬೆಳಕು ಸುಮಾರು ಮುನ್ನೂರು ಸಲ ಓಡಾಡುತ್ತದೆ. ಹಾಗಾಗಿ ನಾಲ್ಕು ಕಿಲೋಮೀಟರಿನ ತೋಳು ಸಾವಿರದ ಇನ್ನೂರು ಕಿಲೋಮೀಟರಿನ ಕೆಲಸ ಮಾಡುತ್ತದೆ. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಮೊದಲ ಬಾರಿಗೆ ಸಿಕ್ಕಿದ್ದು ಅಲ್ಲಿ. ಅಂಥದೇ ಒಂದು ನಮ್ಮ ನೆರೆಯ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಗೂ ಬರಲಿದೆ.

ಈಗ ಎರಡು ಕನ್ನಡಿಗಳನ್ನು ಪುಸ್ತಕ ತೆರೆದಂತೆ ನಿಲ್ಲಿಸಿ, ನಡುವೆ ಒಂದು ಹಣತೆ ಇಡೋಣ. ಕೋನ ಅರವತ್ತು ಡಿಗ್ರಿ ಇದ್ದರೆ ಐದು ಬಿಂಬ. ತೊಂಬತ್ತಿದ್ದರೆ ಮೂರು. ನಲವತ್ತೈದಿದ್ದರೆ ಏಳು. ಮುನ್ನೂರ ಅರವತ್ತನ್ನು ಕೋನದಿಂದ ಭಾಗಿಸಿ ಒಂದನ್ನು ಕಳೆಯಿರಿ ಎಂಬ ಸೂತ್ರ ನೀವೆಲ್ಲ ಬಾಯಿಪಾಠ ಮಾಡಿದ್ದೇ. ಆದರೆ ಆ ಒಂದನ್ನು ಏಕೆ ಕಳೆಯಬೇಕು? ನನ್ನ ಮುಂದೆ ಕುಳಿತ ಎಷ್ಟೋ ಪದವಿ ವಿದ್ಯಾರ್ಥಿಗಳಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಶಾಲೆಯಲ್ಲಿ ಯಾರೂ ಎರಡು ಕನ್ನಡಿ ತೋರಿಸಿರಲಿಲ್ಲ.

ಒಬ್ಬಟ್ಟನ್ನು ನೆನೆಯಿರಿ. ಎರಡು ಕನ್ನಡಿಗಳ ನಡುವಿನ ಅರವತ್ತು ಡಿಗ್ರಿಯ ಜಾಗ ಒಬ್ಬಟ್ಟಿನ ಒಂದು ಹೋಳು. ಎಡಗನ್ನಡಿಯಲ್ಲಿ ಬಲಗನ್ನಡಿ ಕಾಣುತ್ತದೆ. ಅಲ್ಲಿಗೆ ಎರಡನೆಯ ಹೋಳಾಯಿತು. ಆ ಕಂಡ ಕನ್ನಡಿಯಾಚೆ ಮೂರನೆಯದು. ಬಲಗಡೆಯಿಂದಲೂ ಹಾಗೆಯೇ. ಹೀಗೆ ಸುತ್ತಿ ಬಂದು ಆರು ಹೋಳಿಗೆ ಒಬ್ಬಟ್ಟು ಪೂರ್ತಿಯಾಗುತ್ತದೆ. ಆರರಲ್ಲಿ ಒಂದು ಹೋಳು ನಿಜದ್ದು, ಅದರಲ್ಲಿರುವುದು ನಿಜವಾದ ಹಣತೆ. ಕಳೆಯುವ ಆ ಒಂದು ಅದೇ.

ಎಪ್ಪತ್ತೆರಡು ಡಿಗ್ರಿ ಇಟ್ಟರೆ ಹೋಳು ಐದು. ಒಂದು ಹೋಳು ನೇರ, ಪಕ್ಕದ್ದು ತಿರುವುಮುರುವು, ಅದರಾಚೆಯದು ನೇರ, ಹೀಗೆ ಸಾಗಬೇಕು. ಐದು ಬೆಸಸಂಖ್ಯೆಯಾದ್ದರಿಂದ ಎಡದಿಂದ ಬಂದ ಸರದಿಗೂ ಬಲದಿಂದ ಬಂದ ಸರದಿಗೂ ಹಿಂಬದಿಯಲ್ಲಿ ತಾಳೆಯಾಗುವುದಿಲ್ಲ. ಹಣತೆಯನ್ನು ಸರಿಯಾಗಿ ನಡುಗೆರೆಯ ಮೇಲಿಟ್ಟರೆ ನಾಲ್ಕು ಬಿಂಬ, ಕೊಂಚ ಪಕ್ಕಕ್ಕೆ ಸರಿಸಿದರೆ ಐದು. ಪರೀಕ್ಷೆಗೆ ಓದುವಾಗ ಇದು ಸೂತ್ರಕ್ಕೆ ಅಂಟಿಸಿದ ತೇಪೆಯಂತೆ ಕಾಣುತ್ತದೆ. ಕನ್ನಡಿಯ ಮುಂದೆ ಕುಳಿತರೆ, ಹಣತೆಯನ್ನು ಬೆರಳಿನಿಂದ ತಳ್ಳುತ್ತಿದ್ದಂತೆ ಹಿಂದಿನ ಜ್ವಾಲೆಯೊಂದು ಎರಡಾಗಿ ಒಡೆಯುವುದು ಕಾಣುತ್ತದೆ.

ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಇದನ್ನು ಕೊಳವೆಯೊಳಗೆ ಹಾಕಿದ. 1817ರಲ್ಲಿ ಪೇಟೆಂಟ್ ಪಡೆದ ಆ ಕೆಲಿಡಿಯೋಸ್ಕೋಪ್ ಅವನ ಕೈಮೀರಿ ನಕಲಾಗಿ ಲಂಡನ್, ಪ್ಯಾರಿಸ್ಸುಗಳಲ್ಲಿ ಮೂರೇ ತಿಂಗಳಲ್ಲಿ ಎರಡು ಲಕ್ಷ ಮಾರಾಟವಾಯಿತೆಂಬ ಅಂದಾಜಿದೆ. ಅವನಿಗೆ ಸಿಕ್ಕಿದ್ದು ಅತ್ಯಲ್ಪ. ನಮ್ಮಲ್ಲಿ ಮಕ್ಕಳು ಮೂರು ಕನ್ನಡಿ ಪಟ್ಟಿಗಳನ್ನು ತ್ರಿಕೋನವಾಗಿ ಕಟ್ಟಿ ಬಳೆಚೂರು ಹಾಕಿ ಮಾಡುವುದೂ ಅದನ್ನೇ. ಎರಡು ಕನ್ನಡಿಗೆ ಒಬ್ಬಟ್ಟು ಮುಗಿದರೆ, ಮೂರು ಕನ್ನಡಿಗೆ ತ್ರಿಕೋನಗಳು ನೆಲಕ್ಕೆ ಹಾಸಿದ ಕಲ್ಲಿನಂತೆ ಎಲ್ಲ ದಿಕ್ಕಿಗೂ ಹರಡಿಕೊಳ್ಳುತ್ತವೆ. ಸೀಳಿಲ್ಲದೆ ಹರಡಲು ಎಲ್ಲ ತ್ರಿಕೋನಗಳೂ ಒದಗುವುದಿಲ್ಲ. ಮೂರೂ ಕೋನ ಅರವತ್ತರದು. ತೊಂಬತ್ತು, ನಲವತ್ತೈದು, ನಲವತ್ತೈದರದು. ತೊಂಬತ್ತು, ಅರವತ್ತು, ಮೂವತ್ತರದು. ಈ ಮೂರೇ. ಕಾರಣ ಮತ್ತೆ ಒಬ್ಬಟ್ಟೇ: ಪ್ರತಿ ಮೂಲೆಯಲ್ಲೂ ಹೋಳುಗಳು ಸಮಸಂಖ್ಯೆಯಲ್ಲಿ ಕೂಡಿ ಸುತ್ತು ಪೂರ್ತಿಯಾಗಬೇಕು, ಮೂರು ಮೂಲೆಗಳ ಮೊತ್ತ ನೂರ ಎಂಬತ್ತೂ ಆಗಬೇಕು.

ಬಿಂಬದ ಕನ್ನಡಿಯೂ ಕನ್ನಡಿಯೇ ಎಂಬುದು ಕೇರಂ ಆಡುವವರ ಕೈಗೆ ಗೊತ್ತಿದೆ. ಎದುರಿನ ಪಟ್ಟಿಗೆ ಹೊಡೆದು ತಿರುಗಿ ಬಂದು ಪಾನಿಗೆ ತಾಗಬೇಕಾದರೆ, ಪಟ್ಟಿಯಾಚೆ ಇನ್ನೊಂದು ಬೋರ್ಡು ಮಡಿಚಿ ಬಿಚ್ಚಿದಂತೆ ಇದೆಯೆಂದು ಭಾವಿಸಿ, ಅಲ್ಲಿರುವ ಪಾನಿಗೆ ನೇರ ಗುರಿಯಿಟ್ಟರಾಯಿತು. ಎರಡು ಪಟ್ಟಿಗೆ ತಾಗಬೇಕಾದರೆ ಎರಡು ಸಲ ಬಿಚ್ಚಿ. ಬೆಳಕನ್ನು ಬಗ್ಗಿಸುವ ಬದಲು ಕೋಣೆಯನ್ನೇ ಬಿಚ್ಚಿ ಹಾಸುವ ಈ ಉಪಾಯದಿಂದ ಗಣಿತಜ್ಞರು ಒಂದು ಸೊಗಸಾದ ಪ್ರಶ್ನೆಗೆ ಉತ್ತರ ಕಂಡುಕೊಂಡರು. ಗೋಡೆಗಳೆಲ್ಲ ಕನ್ನಡಿಯಾಗಿರುವ ಕೋಣೆಯಲ್ಲಿ ಎಲ್ಲೇ ದೀಪ ಹಚ್ಚಿದರೂ ಇಡೀ ಕೋಣೆ ಬೆಳಗುತ್ತದೆಯೇ? 1950ರ ದಶಕದಲ್ಲಿ ಅರ್ನ್‌ಸ್ಟ್ ಸ್ಟ್ರೌಸ್ ಕೇಳಿದ್ದು. ಬಾಗಿದ ಗೋಡೆಗಳಿದ್ದರೆ ಬೆಳಗಬೇಕಾಗಿಲ್ಲ ಎಂದು 1958ರಲ್ಲೇ ಪೆನ್‌ರೋಸ್ ತೋರಿಸಿದರು. ನೇರ ಗೋಡೆಗಳ ಕೋಣೆಗೆ 1995ರವರೆಗೆ ಕಾಯಬೇಕಾಯಿತು. ಆ ವರ್ಷ ಕೆನಡಾದ ಜಾರ್ಜ್ ಟೊಕಾರ್ಸ್ಕಿ ಇಪ್ಪತ್ತಾರು ಗೋಡೆಗಳ ಕೋಣೆಯೊಂದನ್ನು ಬರೆದು ತೋರಿಸಿದರು. ಅದರಲ್ಲಿ ಒಂದು ಬಿಂದುವಿನಲ್ಲಿ ದೀಪವಿಟ್ಟರೆ, ಬೆಳಕು ಎಷ್ಟು ಸಲ ಹೊರಳಿದರೂ ಇನ್ನೊಂದು ಬಿಂದುವನ್ನು ಮುಟ್ಟುವುದೇ ಇಲ್ಲ. ಸುತ್ತ ಎಲ್ಲ ಬೆಳಕು, ಆ ಒಂದು ಚುಕ್ಕೆಗೆ ಮಾತ್ರ ಇಲ್ಲ. ಎರಡು ವರ್ಷದ ಮೇಲೆ ಕಾಸ್ಟ್ರೊ ಅದನ್ನು ಇಪ್ಪತ್ತನಾಲ್ಕು ಗೋಡೆಗೆ ಇಳಿಸಿದರು.

ಈಗ ಅಕ್ಕನ ಜಡೆಗೆ ಬರುತ್ತೇನೆ. ಕನ್ನಡಿ ಎಡವನ್ನು ಬಲ ಮಾಡುತ್ತದೆ ಎಂದು ಹೇಳುವುದು ರೂಢಿ. ಅದು ಮಾಡುವುದು ಬೇರೆ: ಮುಂದನ್ನು ಹಿಂದು ಮಾಡುತ್ತದೆ. ಎಡಗೈ ಎತ್ತಿದರೆ ಕನ್ನಡಿಯಲ್ಲೂ ಎಡಪಕ್ಕದ ಕೈಯೇ ಏಳುತ್ತದೆ. ತಿರುಗಿರುವುದು ಮುಖ ಮಾತ್ರ. ನಾವು ಆ ಬಿಂಬವನ್ನು ನಮ್ಮೆದುರು ತಿರುಗಿ ನಿಂತ ಮನುಷ್ಯ ಎಂದು ಓದಿಕೊಳ್ಳುವುದರಿಂದ ಅದು ಬಲಗೈ ಎನಿಸುತ್ತದೆ. ಸ್ಟುಡಿಯೊದಲ್ಲಿ ಆದದ್ದು ಇದು. ಒಂದೇ ಪ್ರತಿಫಲನ, ಹಾಗಾಗಿ ಜಡೆಯ ಎಡ ಫೋಟೊ ನೋಡುವವರಿಗೆ ಬಲ. ಮನೆಯಲ್ಲಿ ಎರಡು ಪ್ರತಿಫಲನ. ಒಮ್ಮೆ ಮುಂದು ಹಿಂದಾಯಿತು, ಇನ್ನೊಮ್ಮೆ ಹಿಂದು ಮುಂದಾಗಿ ಮೊದಲಿನಂತಾಯಿತು. ಎದುರುಬದುರು ಕನ್ನಡಿಯಲ್ಲಿ ಕಾಣುವ ಹಿಂದಲೆ ತಿರುವುಮುರುವಾದ ಮನುಷ್ಯನಲ್ಲ. ರೇಷನ್ ಅಂಗಡಿಯ ಸಾಲಿನಲ್ಲಿ ನಮ್ಮ ಮುಂದೆ ನಾವೇ ನಿಂತಂತೆ. ಅದಕ್ಕೇ ಅಕ್ಕನ ಕೈ ತಡವರಿಸಲಿಲ್ಲ. ಎಷ್ಟೇ ಕನ್ನಡಿಗಳಿರಲಿ, ಎಣಿಸಿ ನೋಡಿ. ಪ್ರತಿಫಲನ ಬೆಸವಾದರೆ ಬಿಂಬ ತಿರುವುಮುರುವು, ಸಮವಾದರೆ ಇದ್ದಂತೆ.

ತೊಂಬತ್ತು ಡಿಗ್ರಿಗೆ ಕೂಡಿಸಿದ ಕನ್ನಡಿಗಳ ನಡುಬಿಂಬ ಎರಡು ಪ್ರತಿಫಲನದ್ದು. ಅದರ ಮುಂದೆ ಕನ್ನಡ ಪುಸ್ತಕ ಹಿಡಿದರೆ ಸಲೀಸಾಗಿ ಓದಬಹುದು. ಅಲ್ಲಿ ಕಾಣುವ ಮುಖವೇ ಊರಿನವರು ನಿತ್ಯ ನೋಡುವ ನಿಮ್ಮ ಮುಖ, ಬೈತಲೆ ಅವರಿಗೆ ಕಾಣುವ ಕಡೆಯಲ್ಲೇ ಇರುತ್ತದೆ. ಬಾಚಣಿಗೆ ಹಿಡಿದು ತಲೆ ಬಾಚಲು ಹೋದರೆ ಕೈ ಅತ್ತಿತ್ತ ಅಲೆಯುತ್ತದೆ, ಏಕೆಂದರೆ ನಮ್ಮ ಕೈ ಹುಟ್ಟಿದಾಗಿನಿಂದ ಒಂದೇ ಕನ್ನಡಿಗೆ ಪಳಗಿದೆ. ಎರಡು ಕನ್ನಡಿಯ ಬಿಂಬಕ್ಕೆ ಇನ್ನೂ ಒಂದು ಗುಣವಿದೆ. ಕನ್ನಡಿಗಳ ನಡುವಿನ ಕೋನ ಬದಲಾಗದಿದ್ದರೆ, ಇಡೀ ಜೋಡಿಯನ್ನು ಅಲುಗಾಡಿಸಿದರೂ ಅದು ಕದಲುವುದಿಲ್ಲ. 1731ರಲ್ಲಿ ಜಾನ್ ಹ್ಯಾಡ್ಲಿ ತೋರಿಸಿದ ಎರಡು ಕನ್ನಡಿಯ ಉಪಕರಣ ತೂಗಾಡುವ ಹಡಗಿನ ಮೇಲೆ ಸೂರ್ಯನ ಎತ್ತರ ಅಳೆಯಲು ಒದಗಿದ್ದು ಈ ಗುಣದಿಂದ.

ಮೂರನೆಯ ಕನ್ನಡಿಯನ್ನು ನೆಲದಂತೆ ಹಾಸಿ. ಕೋಣೆಯ ಮೂಲೆಯಂತೆ ಮೂರೂ ಒಂದಕ್ಕೊಂದು ಲಂಬವಾಗಿರಲಿ. ಒಂದು ಗೋಡೆ ಮೂಡಣಕ್ಕೆ ಹೊರಟ ಬೆಳಕನ್ನು ಪಡುವಣಕ್ಕೆ ತಿರುಗಿಸುತ್ತದೆ. ಇನ್ನೊಂದು ಬಡಗಣದ್ದನ್ನು ತೆಂಕಣಕ್ಕೆ. ನೆಲ ಕೆಳಮುಖವಾದದ್ದನ್ನು ಮೇಲ್ಮುಖ ಮಾಡುತ್ತದೆ. ಮೂರೂ ತಿರುಗಿದ ಮೇಲೆ ಬೆಳಕಿಗೆ ಬಂದ ದಿಕ್ಕಿಗೇ ಹಿಂದಿರುಗದೆ ಬೇರೆ ದಾರಿಯಿಲ್ಲ, ಎಲ್ಲಿಂದ ಬಂದಿದ್ದರೂ ಸರಿ. ಒಂದು ಕಣ್ಣು ಮುಚ್ಚಿ ಆ ಮೂಲೆಯನ್ನು ನೋಡಿದರೆ, ನೀವು ಎತ್ತ ಸರಿದರೂ ತೆರೆದ ಕಣ್ಣು ಸರಿಯಾಗಿ ಮೂಲೆಯಲ್ಲೇ ಇರುತ್ತದೆ. ಮುಖ ಮಾತ್ರ ತಲೆಕೆಳಗು. ಸೈಕಲ್ಲಿನ ಹಿಂದಿನ ಕೆಂಪು ಬಿಲ್ಲೆಯನ್ನು ಹತ್ತಿರದಿಂದ ನೋಡಿ. ಅದರೊಳಗೆ ಇಂಥ ಚಿಕ್ಕ ಚಿಕ್ಕ ಮೂಲೆಗಳು ಜೇನುಗೂಡಿನಂತೆ ತುಂಬಿವೆ. ಲಾರಿಯ ಬೆಳಕು ಲಾರಿ ಚಾಲಕನ ಕಣ್ಣಿಗೇ ಮರಳುತ್ತದೆ, ಕತ್ತಲ ದಾರಿಯಲ್ಲಿ ಸೈಕಲ್ ಸವಾರನ ಜೀವ ಉಳಿಯುತ್ತದೆ.

ಚಂದ್ರನ ಮೇಲೆ ಇಟ್ಟಿರುವುದೂ ಇದನ್ನೇ. 1969ರ ಜುಲೈಯಲ್ಲಿ ಅಪೊಲೊ 11ರ ಗಗನಯಾತ್ರಿಗಳು ನೂರು ಗಾಜಿನ ಮೂಲೆಗಳಿರುವ ಫಲಕವನ್ನು ಅಲ್ಲಿಟ್ಟು ಬಂದರು. ಭೂಮಿಯಿಂದ ಬಿಟ್ಟ ಲೇಸರ್ ಬೆಳಕು ಸುಮಾರು ಎರಡೂವರೆ ಸೆಕೆಂಡಿನಲ್ಲಿ ಅದಕ್ಕೆ ತಾಗಿ ಮರಳುತ್ತದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆಂಬ ಲೆಕ್ಕ ಸಿಕ್ಕಿದ್ದು ಈ ಮೂಲೆಗಳಿಂದ. ಸೋವಿಯತ್ ದೇಶದ ಲುನೊಖೋಡ್ 1 ಎಂಬ ಗಾಡಿ 1971ರಲ್ಲಿ ಮಾತು ನಿಲ್ಲಿಸಿತ್ತು. 2010ರಲ್ಲಿ ಅದರ ಮೇಲಿನ ಮೂಲೆಗಳಿಗೆ ಲೇಸರ್ ತಾಗಿಸಿದಾಗ ಅವು ಮೊದಲಿನಂತೆಯೇ ಬೆಳಕನ್ನು ಮರಳಿಸಿದವು.

ನಮ್ಮ ಬೆಂಗಳೂರಿನಿಂದ ನಡೆಸಿದ ಚಂದ್ರಯಾನ-3 ಕೂಡ ಇದನ್ನು ಒಯ್ದಿತ್ತು. ವಿಕ್ರಮ್ ಲ್ಯಾಂಡರಿನ ಮೇಲೆ ನಾಸಾ ಕೊಟ್ಟ, ಐದು ಸೆಂಟಿಮೀಟರ್ ಅಗಲದ ಗುಮ್ಮಟವಿದೆ, ಅದರಲ್ಲಿ ಎಂಟು ಮೂಲೆಗನ್ನಡಿಗಳಿವೆ. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್ ಸೆಪ್ಟೆಂಬರಿನಲ್ಲಿ ನಿದ್ರೆಗೆ ಹೋದದ್ದು ಮತ್ತೆ ಎಚ್ಚರಗೊಳ್ಳಲಿಲ್ಲ. ನಮಗೆಲ್ಲ ಎಷ್ಟು ಬೇಸರವಾಗಿತ್ತು! ಡಿಸೆಂಬರ್ 12ರಂದು, ಚಂದ್ರನ ಸುತ್ತ ತಿರುಗುವ ಅಮೆರಿಕದ ನೌಕೆಯೊಂದು ನೂರು ಕಿಲೋಮೀಟರ್ ದೂರದಿಂದ ವಿಕ್ರಮ್ ಇದ್ದ ಕಡೆಗೆ ಲೇಸರ್ ಹರಿಸಿತು. ಉತ್ತರ ಬಂತು. ಕರೆಂಟಿಲ್ಲ, ಬ್ಯಾಟರಿಯಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಮೂರು ಕನ್ನಡಿ ಕೂಡಿದ ಮೂಲೆಗೆ ಬೆಳಕು ಬಿದ್ದರೆ ಸಾಕು.

ಇಷ್ಟೆಲ್ಲವನ್ನೂ ನೋಡಲು ಪ್ರಯೋಗಾಲಯ ಬೇಡ. ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಕೇಳಿದರೆ ಕನ್ನಡಿಯ ತುಂಡು ಪಟ್ಟಿಗಳನ್ನು ಕೊಡುತ್ತಾರೆ. ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ಸೂತ್ರವನ್ನು ಹಲಗೆಯ ಮೇಲೆ ಬರೆಯುವ ಮೊದಲು ಪ್ರತಿ ಬೆಂಚಿಗೂ ಎರಡು ಪಟ್ಟಿ, ಒಂದು ಬಟಾಣಿ ಕೊಡಿ. ಬಿಂಬಗಳನ್ನು ಮಕ್ಕಳೇ ಎಣಿಸಲಿ, ಕೋನವನ್ನು ಮಕ್ಕಳೇ ಬದಲಿಸಲಿ. ಹೊರಗಿನ ಮೇಜಿನ ಮೇಲೆ ನಲವತ್ತು ಜೊತೆ ಪಟ್ಟಿಗಳನ್ನು ಇಟ್ಟಿದ್ದೇನೆ. ಹೋಗುವಾಗ ಒಂದೊಂದು ಜೊತೆ ತೆಗೆದುಕೊಂಡು ಹೋಗಿ. ಅಂಚುಗಳಿಗೆ ಟೇಪು ಸುತ್ತಿದ್ದೇನೆ, ಚಿಕ್ಕ ಮಕ್ಕಳ ಕೈಗೂ ಧೈರ್ಯವಾಗಿ ಕೊಡಬಹುದು.